ಚೆಲ್ಲಲು ಕೈ ಬಾರದ ನೀರು

ನಮ್ಮ ಗರಾಜಿನ ಮೂಲೆಯಲ್ಲಿ ಐದು ಗ್ಯಾಲನ್, ಅಂದರೆ ಸುಮಾರು 19 ಲೀಟರ್ ಹಿಡಿಯುವ ಒಂದು ಬಿಳಿ ಬಕೆಟ್ ಇದೆ. ಮುಚ್ಚಳ ತೆಗೆದರೆ ನೀರು, ನೀರಿನ ಮೇಲೆ ನೊರೆ. ಮನೆಗೆ ಬಂದ ಗೆಳೆಯರು ಬಿಯರ್ ಇರಬೇಕೆಂದು ಆಸೆಯಿಂದ ಇಣುಕಿ, ಮುಖ ಸಪ್ಪಗೆ ಮಾಡಿಕೊಂಡು ವಾಪಸಾಗುತ್ತಾರೆ. ಅದು ಬಿಯರ್ ಮಾಡುವ ಸಾಮಾನುಗಳ ಸ್ನಾನದ ನೀರು.

ಅಮೆರಿಕದಲ್ಲಿ ಮನೆಯಲ್ಲೇ ಬಿಯರ್ ಮಾಡಿಕೊಳ್ಳಲು ಅಡ್ಡಿಯಿಲ್ಲ. 1978ರಲ್ಲಿ ಜಿಮ್ಮಿ ಕಾರ್ಟರ್ ಸಹಿ ಹಾಕಿದ ಕಾನೂನಿನ ಪ್ರಕಾರ ಇಬ್ಬರು ವಯಸ್ಕರಿರುವ ಮನೆಗೆ ವರ್ಷಕ್ಕೆ 200 ಗ್ಯಾಲನ್‌ವರೆಗೂ ಅವಕಾಶ. ನಾನು ಅದರ ಹತ್ತನೇ ಒಂದು ಭಾಗವನ್ನೂ ಮುಟ್ಟಿಲ್ಲ. ಮುಸುರೆ ತಿಕ್ಕುವುದರಲ್ಲೇ ಉತ್ಸಾಹವೆಲ್ಲ ಸೋರಿಹೋಗುತ್ತದೆ. ಮೊದಲು ಜಿಡ್ಡು ಹೋಗುವಂತೆ ತೊಳೆಯಬೇಕು. ಆಮೇಲೆ ಕಣ್ಣಿಗೆ ಕಾಣದ ಕ್ರಿಮಿಗಳ ಸರದಿ. ಅದಕ್ಕೆ ನಾನು ಬಳಸುವುದು ಸ್ಟಾರ್ ಸ್ಯಾನ್: ಫಾಸ್ಫಾರಿಕ್ ಆಮ್ಲ, ಜೊತೆಗೆ ನೊರೆ ಬರಿಸುವ ಇನ್ನೊಂದು ಆಮ್ಲ. 19 ಲೀಟರ್ ನೀರಿಗೆ 30 ಎಂ.ಎಲ್. ಸಾಕು. ಪೈಪು, ಹೊರಗಿನ ಗಾಳಿ ಒಳಬರದಂತೆ ತಡೆಯುವ ಏರ್‌ಲಾಕು, ಸೌಟು, ಎಲ್ಲವನ್ನೂ ಒಂದೆರಡು ನಿಮಿಷ ಅದ್ದಿ ತೆಗೆದರೆ ಮುಗಿಯಿತು, ಮತ್ತೆ ತೊಳೆಯುವ ಹಾಗಿಲ್ಲ. ನೊರೆ ಅಂಟಿಕೊಂಡಿದ್ದರೂ ಚಿಂತೆಯಿಲ್ಲ. ಬಿಯರ್‌ನಲ್ಲಿ ಕರಗಿಹೋಗುವ ಅಷ್ಟಿಷ್ಟನ್ನು ಯೀಸ್ಟ್ ಲೆಕ್ಕಕ್ಕೇ ಇಟ್ಟುಕೊಳ್ಳುವುದಿಲ್ಲ. ಮೊದಲ ಸಲ ಆ ನೊರೆಯ ಮೇಲೇ ಬಿಯರ್ ಸುರಿಯುವಾಗ ಮಾತ್ರ ನನ್ನ ಕೈ ನಡುಗಿತ್ತು.

ಸಮಸ್ಯೆ ಶುರುವಾಗುವುದು ಕೆಲಸ ಮುಗಿದ ಮೇಲೆ. ಅದ್ದಿದ್ದು ನಾಲ್ಕು ಸಾಮಾನು, ಉಳಿದದ್ದು ಬಕೆಟ್ ತುಂಬ ನೀರು. ಅಕ್ಕಿ ತೊಳೆದ ನೀರು ಕಲಗಚ್ಚಿಗೆ, ಕಲಗಚ್ಚು ಹಸುವಿಗೆ, ಬಟ್ಟೆ ಜಾಲಿಸಿದ ನೀರು ತೆಂಗಿನ ಬುಡಕ್ಕೆ ಹೋಗುತ್ತಿದ್ದ ತುಮಕೂರಿನ ಮನೆಯಲ್ಲಿ ಬೆಳೆದವನು ನಾನು. ಇದನ್ನು ಸಿಂಕಿಗೆ ಸುರಿ ಎಂದರೆ ಹೇಗೆ?

ಇಟ್ಟುಕೊಳ್ಳಬಹುದು, ಆದರೆ ನೀರು ಒಳ್ಳೆಯದಿರಬೇಕು. ನಮ್ಮ ಸ್ಯಾನ್ ಆಂಟೋನಿಯೊದ ನಲ್ಲಿಗೆ ಬರುವುದು ಎಡ್ವರ್ಡ್ಸ್ ಅಕ್ವಿಫರ್ ಎಂಬ ಸುಣ್ಣಕಲ್ಲಿನ ಪದರದಲ್ಲಿ ಇಳಿದು ಬಂದ ನೀರು. ಥೇಟು ನಮ್ಮೂರ ಬೋರ್ ನೀರು. ಅದರಲ್ಲಿ ಬೆರೆಸಿದರೆ ದ್ರಾವಣ ಬೇಗನೆ ಮಜ್ಜಿಗೆ ನೀರಿನಂತೆ ಬೆಳ್ಳಗಾಗುತ್ತದೆ. ಅಂಗಡಿಯಿಂದ ತಂದ ಡಿಸ್ಟಿಲ್ಡ್ ನೀರಿನಲ್ಲಿ ಬೆರೆಸಿ ಮುಚ್ಚಿಟ್ಟರೆ ವಾರಗಟ್ಟಲೆ ತಿಳಿಯಾಗಿರುತ್ತದೆ. ಕಣ್ಣನ್ನು ನಂಬುವುದಕ್ಕಿಂತ ಆಮ್ಲತೆ ಅಳೆಯುವ ಪಿಎಚ್ ಪಟ್ಟಿ ಅದ್ದಿ ನೋಡುವುದು ವಾಸಿ. ಅಂಕಿ ಇಳಿದಷ್ಟೂ ಆಮ್ಲ ಜೋರು, ಮೂರಕ್ಕಿಂತ ಕೆಳಗಿದ್ದರೆ ಜೀವ ಇದೆ ಎಂದರ್ಥ. ಬುದ್ಧಿವಂತರು ಅರ್ಧ ಲೀಟರಿನ ಸ್ಪ್ರೇ ಬಾಟಲಿಯಲ್ಲೇ ಕೆಲಸ ತೂಗಿಸುತ್ತಾರೆ. ನನಗೆ ಅದ್ದಿದರೇ ಸಮಾಧಾನ.

ಹೋದ ಬೇಸಿಗೆಯಲ್ಲಿ ಅಮ್ಮ ಬಂದಿದ್ದಳು. ಬಿಯರ್ ಎಂಬ ಶಬ್ದ ಅವಳ ಬಾಯಲ್ಲಿ ಬರುವುದಿಲ್ಲ, "ನಿನ್ನ ಕಷಾಯ" ಎನ್ನುತ್ತಾಳೆ. ಬಕೆಟ್ಟಿನದು ಏನೆಂದು ಕೇಳಿದಾಗ, ಸುಲಭವಾಗಲಿ ಎಂದು, "ಸಾಮಾನಿಗೆ ಮಡಿ ಮಾಡೋ ನೀರು ಕಣಮ್ಮ" ಎಂದೆ.

"ಹೋದ ತಿಂಗಳು ಅದ್ದಿದ ನೀರಲ್ಲೇ ಈ ತಿಂಗಳೂ ಅದ್ದಿದರೆ ಅದೆಂಥಾ ಮಡಿಯೋ?"

ಪಿಎಚ್ ಪಟ್ಟಿ ತೋರಿಸಿದೆ. ಅವಳು ಅದನ್ನು ತಿರುಗಿಸಿ ಮುರುಗಿಸಿ ನೋಡಿ, "ಹುಳಿ ಅನ್ನು" ಎಂದಳು. ನನ್ನ ಇಡೀ ರಸಾಯನಶಾಸ್ತ್ರ ಆ ಎರಡು ಶಬ್ದಗಳಲ್ಲಿ ಮುಗಿಯಿತು.

ಮಾರನೆಯ ಬೆಳಿಗ್ಗೆ ಬಚ್ಚಲುಮನೆಯ ಷವರು ಫಳಫಳ ಹೊಳೆಯುತ್ತಿತ್ತು. ಸುಣ್ಣ ಕಟ್ಟಿ ಅರ್ಧ ತೂತು ಮುಚ್ಚಿಹೋಗಿದ್ದ ಷವರು. "ಹುಣಿಸೆಹಣ್ಣು ಹುಡುಕಿದೆ, ಸಿಗಲಿಲ್ಲ. ನಿನ್ನ ಹುಳಿ ನೀರು ಇತ್ತಲ್ಲ" ಎಂದಳು ಅಮ್ಮ. ತಳದಲ್ಲಿ ಉಳಿದಿದ್ದ ಮೂರ್ನಾಲ್ಕು ಲೀಟರಿನಲ್ಲಿ ಮನೆಯ ಎರಡೂ ಷವರು, ಅಡುಗೆಮನೆ ನಲ್ಲಿಯ ಜಾಲರಿ, ಕೊನೆಗೆ ನಾನು ಎಸೆಯಬೇಕೆಂದಿದ್ದ ಹಳೆಯ ಕೆಟಲಿನ ಚೂರು ಚಕ್ಕೆ ಸಮೇತ ರಾತ್ರಿಯಿಡೀ ನೆನೆಹಾಕಿದ್ದಳು. ಆಮ್ಲ ಸುಣ್ಣವನ್ನು ತಿಂದಿತ್ತು, ಸುಣ್ಣ ಆಮ್ಲವನ್ನು ತಿಂದಿತ್ತು. ಪಟ್ಟಿ ಅದ್ದಿದೆ: ನಾಲ್ಕು ದಾಟಿತ್ತು. ಕ್ರಿಮಿಯ ಕೂದಲೂ ಕೊಂಕಿಸಲಾರದ ನೀರು. "ಇನ್ನು ಚೆಲ್ಲಿಬಿಡಮ್ಮ" ಎಂದು ಆಫೀಸಿಗೆ ಹೋದೆ.

ಅವಳು ಊರಿಗೆ ವಾಪಸಾದ ಮೇಲೆ ಹೊಸದಾಗಿ ಬೆರೆಸೋಣವೆಂದು ಗರಾಜಿಗೆ ಹೋದರೆ, ಬಕೆಟ್ ತೊಳೆದು ಬೋರಲು ಹಾಕಿತ್ತು. ಪಕ್ಕದಲ್ಲಿ ಹಾಲಿನ ಖಾಲಿ ಕ್ಯಾನು, ಅದರ ತುಂಬ ಅದೇ ಬೆಳ್ಳನೆ ನೀರು, ಮೇಲೆ ಮಾರ್ಕರಿನ ದಪ್ಪ ಅಕ್ಷರದಲ್ಲಿ "ನಲ್ಲಿಗೆ". ಇವತ್ತಿಗೂ ಅಲ್ಲೇ ಇದೆ.