ಅವನು ಕಲ್ಲು ಕೆಳಗಿಟ್ಟ

ನಿನ್ನೆ ಸಂಜೆಯಿಂದ ಒಂದೇ ವಿಷಯ ತಲೆಯಲ್ಲಿ ಸುತ್ತುತ್ತಿದೆ. ಬರೆಯದೆ ಇದ್ದರೆ ಇವತ್ತೂ ನಿದ್ದೆ ಬರಲ್ಲ. ಉದ್ದ ಆಗುತ್ತೆ, ಸಮಾಧಾನದಿಂದ ಓದಿ.

ಶಾಲೆ ಬಿಟ್ಟು ಬರುವಾಗ ದ್ರಾಕ್ಷಿ ತಗೊಳ್ಳೋಣ ಅಂತ ಸ್ಟೇಷನ್ ರಸ್ತೆಯಲ್ಲಿ ಒಂದು ಗಾಡಿ ಹತ್ತಿರ ನಿಂತೆ. ಹೊತ್ತು ಇಳಿದಿತ್ತು, ಝಳ ಇಳಿದಿರಲಿಲ್ಲ. ಮಾರ್ಚ್ ತಿಂಗಳ ವಿಜಯಪುರ ನಿಮಗೆ ಗೊತ್ತೇ ಇದೆ. ಗಾಡಿಯ ಹುಡುಗನಿಗೆ ಹೆಚ್ಚೆಂದರೆ ಇಪ್ಪತ್ತೆರಡು ವರ್ಷ. ತುಟಿ ಒಣಗಿ ಬೆಳ್ಳಗಾಗಿತ್ತು. ನನಗಿಂತ ಮುಂಚೆ ಬಂದಿದ್ದ ಒಬ್ಬ ಹಿರಿಯರು ತೂಕ ಕಡಿಮೆ ಅಂತ ಜಗಳ ತೆಗೆದಿದ್ದರು. ಹುಡುಗ ಅವರ ಎದುರಿಗೇ ಎರಡನೇ ಸಲ ತೂಗಿ ತೋರಿಸಿದ. ಸರಿಯಾಗೇ ಇತ್ತು, ನಾನೇ ನೋಡಿದೆ. ಆದರೂ ಆ ಮನುಷ್ಯ ಒಪ್ಪಲಿಲ್ಲ. ಮಾತಿಗೆ ಮಾತು ಬೆಳೆದು ಕೊನೆಗೆ ಹುಡುಗನ ತಾಯಿಯ ಮೇಲೆ ಒಂದು ಮಾತು ಬಂತು. ಅದನ್ನು ಇಲ್ಲಿ ಬರೆಯಲಾರೆ.

ಹುಡುಗನ ಕೈಯಲ್ಲಿ ತಕ್ಕಡಿಯ ಕಲ್ಲು ಇತ್ತು, ಒಂದು ಕಿಲೋದ್ದು, ಕಬ್ಬಿಣದ್ದು. ಬೆರಳು ಬಿಗಿದು ಗೆಣ್ಣುಗಳು ಬಿಳಿಚಿಕೊಂಡವು. ಕಲ್ಲು ಈಗ ಮೇಲೇಳುತ್ತೆ ಅಂತ ಎರಡು ಹೆಜ್ಜೆ ಹಿಂದೆ ಸರಿದೆ. ಅವನು ಒಮ್ಮೆ ಉಗುಳು ನುಂಗಿದ, ಒಣ ಗಂಟಲು, ನುಂಗುವುದಕ್ಕೆ ಏನೂ ಇರಲಿಲ್ಲ ಅನಿಸುತ್ತೆ. ಕಲ್ಲನ್ನು ಗಾಡಿಯ ಮೇಲೆ ಇಟ್ಟ. ಸದ್ದಾಗದ ಹಾಗೆ ಇಟ್ಟ. "ಅಣ್ಣಾರ, ನಂದು ರೋಜಾ ಐತ್ರಿ," ಅಂದ. ರೋಜಾ ಅಂದರೆ ರಂಜಾನ್ ಉಪವಾಸ. ಆ ಹಿರಿಯರು ಮತ್ತೆ ಬೈದರು. "ರೋಜಾ ಐತ್ರಿ ಅಣ್ಣಾರ," ಅಂತ ಇನ್ನೊಮ್ಮೆ ಅಂದು, ಒಂದು ಸಣ್ಣ ಗೊಂಚಲು ಮೇಲೆ ಹಾಕಿ ಚೀಲ ಕೊಟ್ಟ.

ಅಷ್ಟೇ ಆಗಿದ್ದರೆ ನಾನು ಖುಷಿಯಿಂದ ಮನೆಗೆ ಬರುತ್ತಿದ್ದೆ. ಪಕ್ಕದಲ್ಲಿ ಬೈಕ್ ಮೇಲೆ ಕೂತಿದ್ದವನೊಬ್ಬ ನಗುತ್ತಾ ಅಂದ: "ಬಿಡ್ರಿ ಯಜಮಾನ್ರ, ಜಿಹಾದ್ ಮಾಡೋ ಮಂದಿ, ಅವ್ರ ಕೂಡ ಯಾಕ ಹಚ್ಚಿಕೊಳ್ತೀರಿ." ನಾಲ್ಕು ಜನ ನಕ್ಕರು. ಹುಡುಗ ತಲೆ ತಗ್ಗಿಸಿ ದ್ರಾಕ್ಷಿ ಜೋಡಿಸುತ್ತಾ ನಿಂತ.

ನಾನು ಏನೂ ಹೇಳಲಿಲ್ಲ. ಮೂವತ್ತು ವರ್ಷ ಮಕ್ಕಳಿಗೆ ಸಮಾಜ ವಿಜ್ಞಾನ ಹೇಳಿಕೊಟ್ಟವಳು, ಅಲ್ಲಿ ಬಾಯಿ ಬಿಡಲಿಲ್ಲ. ಆಗ ಹೇಳಬೇಕಿದ್ದದ್ದನ್ನು ಈಗ ಹೇಳುತ್ತೇನೆ.

ಹೌದು, ಅವನು ಮಾಡಿದ್ದು ಜಿಹಾದೇ. ನಮ್ಮೆಲ್ಲರ ಕಣ್ಣೆದುರಿಗೆ ಮಾಡಿದ. ಅರಬ್ಬಿ ಭಾಷೆಯಲ್ಲಿ ಆ ಪದದ ಬೇರಿಗೆ ಅರ್ಥ ಶ್ರಮ ಪಡುವುದು, ಇದ್ದಬದ್ದ ಶಕ್ತಿ ಹಾಕಿ ಪ್ರಯತ್ನಿಸುವುದು. ಸ್ವಂತ ನಫ್ಸ್ ಜೊತೆ, ಅಂದರೆ ಒಳಗಿರುವ 'ನಾನು' ಜೊತೆ ಹೋರಾಡುವವನೇ ಮುಜಾಹಿದ್ ಅಂತ ಪೈಗಂಬರರ ಮಾತೊಂದು ತಿರ್ಮಿಜಿ ಹದೀಸ್ ಸಂಗ್ರಹದಲ್ಲಿದೆ. ರೋಜಾ ಇದ್ದಾಗ ಯಾರಾದರೂ ಜಗಳಕ್ಕೆ ಬಂದರೆ, ಬೈದರೆ, 'ನಾನು ರೋಜಾ ಇದ್ದೇನೆ' ಅಂತ ಹೇಳಿ ಸುಮ್ಮನಾಗಬೇಕು ಅಂತಲೂ ಇದೆ. ಇದು ಬುಖಾರಿ, ಮುಸ್ಲಿಂ ಅನ್ನುವ ಎರಡು ಹದೀಸ್ ಸಂಗ್ರಹಗಳಲ್ಲೂ ಇದೆ. ಆ ಹುಡುಗ ಕಿತಾಬು ಓದಿದ್ದಾನೋ ಇಲ್ಲವೋ ಗೊತ್ತಿಲ್ಲ. ಅವನ ಅಮ್ಮ ಹೇಳಿಕೊಟ್ಟಿರಬೇಕು. ಅದೇ ಅಮ್ಮನನ್ನು ಬೈದಾಗ ಅವನು ಆ ಮಾತನ್ನು ಹಿಡಿದು ನಿಂತ.

ನಮ್ಮ ಕಡೆ ಕುಸ್ತಿ ಗೊತ್ತಿಲ್ಲದವರು ಯಾರಿದ್ದಾರೆ? ಜಾತ್ರೆ ಅಂದರೆ ಕುಸ್ತಿ ಕಣ ಇರಲೇಬೇಕು. ಎದುರಾಳಿಯನ್ನು ಚಿತ್ ಮಾಡುವವನು ಗಟ್ಟಿಗ ಅಲ್ಲ, ಸಿಟ್ಟು ಬಂದಾಗ ತನ್ನನ್ನು ತಾನು ಹಿಡಿದುಕೊಳ್ಳುವವನೇ ಗಟ್ಟಿಗ ಅಂತ ಇನ್ನೊಂದು ಹದೀಸ್ ಇದೆ. ಮೊದಲ ಸಲ ಇದನ್ನು ಕೇಳಿದ್ದು ನಮ್ಮ ಪಕ್ಕದ ಮನೆ ಖಾಲಾ ಬಾಯಿಂದ. ಕೇಳಿದ ಕೂಡಲೇ ನಮ್ಮ ಅಪ್ಪ ನೆನಪಾದರು. ಗುಳೇದಗುಡ್ಡದಲ್ಲಿ ಖಣ ನೇಯುತ್ತಾ, ಮಗ್ಗದ ಸದ್ದಿನ ನಡುವೆ ಅವರು ಬೈಬಲಿನ ಯಾಕೋಬನ ಕಥೆ ಹೇಳುತ್ತಿದ್ದರು. ರಾತ್ರಿಯೆಲ್ಲಾ, ಬೆಳಗಾಗುವ ತನಕ, ಯಾಕೋಬ ಹೊಳೆ ದಂಡೆಯಲ್ಲಿ ಗುರುತಿಲ್ಲದ ಒಬ್ಬನ ಜೊತೆ ಕುಸ್ತಿ ಹಿಡಿದ. ತೊಡೆಯ ಕೀಲು ತಪ್ಪಿತು, ಆದರೂ ಆಶೀರ್ವಾದ ಮಾಡದೆ ಬಿಡಲ್ಲ ಅಂದ. ಹೊತ್ತು ಹುಟ್ಟಿದಾಗ ಕುಂಟುತ್ತಾ ಹೋದ. "ದೇವರ ಕೂಡ ಕುಸ್ತಿ ಹಿಡದಾಂವ ಕುಂಟಬೇಕವ್ವಾ, ಎದಿ ಸೆಟಿಸಿ ನಡದ್ರ ಅಂವ ಹಿಡದ ಇಲ್ಲ," ಅನ್ನುತ್ತಿದ್ದರು ಅಪ್ಪ. ಖಾಲಾಗೆ ಈ ಕಥೆ ಹೇಳಿದಾಗ, ನಮ್ಮ ಕುರಾನಿನಲ್ಲೂ ಯಾಕೂಬ್ ಇದ್ದಾರೆ, ಆದರೆ ಈ ಕುಸ್ತಿ ಇಲ್ಲ ಅಂದರು. ಮಾರನೇ ದಿನ ಅದೇ ಕಥೆಯನ್ನು ಮೊಮ್ಮಗನಿಗೆ ಹೇಳುತ್ತಿದ್ದರು.

ಈಗ ನಮ್ಮವರ, ಅಂದರೆ ಕ್ರೈಸ್ತರ ವಿಷಯ. ಇದನ್ನು ಬರೆಯದೆ ಆ ಬೈಕಿನವನನ್ನು ಮಾತ್ರ ಬೈದರೆ ಅನ್ಯಾಯ ಆಗುತ್ತೆ. ಈ ಸಲ, ಅಂದರೆ 2025ರಲ್ಲಿ, ರಂಜಾನ್ ಉಪವಾಸ ಮಾರ್ಚ್ 2ಕ್ಕೆ ಶುರುವಾಯ್ತು, ನಮ್ಮ ಲೆಂಟ್ ಉಪವಾಸ ಕಾಲ ಶುರುವಾಗುವ ಬೂದಿ ಬುಧವಾರ ಮಾರ್ಚ್ 5ಕ್ಕೆ ಬಂತು. ಎರಡು ಮನೆಗಳಲ್ಲೂ ಒಟ್ಟಿಗೆ ಉಪವಾಸ. ಎಷ್ಟು ಚಂದದ ಅವಕಾಶ ಅಲ್ವಾ? ಹೋದ ವಾರ ನಮ್ಮ ಒಂದು ಉಪವಾಸ ಕೂಟಕ್ಕೆ ಹೊರಗಿನಿಂದ ಒಬ್ಬ ಪ್ರಸಂಗಿ ಬಂದಿದ್ದರು. ಒಂದು ತಾಸು ಆತ್ಮಿಕ ಯುದ್ಧ, ಆತ್ಮಿಕ ಯುದ್ಧ ಅಂತ ಮೈಕಿನಲ್ಲಿ ಕೂಗಿದರು. ಕೊನೆಗೆ ಕಿಟಕಿಯ ಆಚೆ ಕೈ ಮಾಡಿ, ಈ ಊರಿನ ಗುಂಬಜು, ದರ್ಗಾ, ಗುಡಿಗಳ ಮೇಲೆ ನಮ್ಮ ಯುದ್ಧ ಅಂದರು. ಕೆಲವರು ಆಮೆನ್ ಅಂದರು. ನನಗೆ ಹೊಟ್ಟೆ ತೊಳಸಿದ ಹಾಗಾಯ್ತು.

ಅವರು ಓದಿದ ವಾಕ್ಯ ಬೈಬಲಿನಲ್ಲಿ ಯೇಸುವಿನ ಅಪೊಸ್ತಲ ಪೌಲ ಎಫೆಸದವರಿಗೆ ಬರೆದ ಪತ್ರದ ಆರನೇ ಅಧ್ಯಾಯದ್ದು. ನಮ್ಮ ಹೋರಾಟ ಮನುಷ್ಯರ ಜೊತೆ ಅಲ್ಲ ಅಂತ ಪೌಲ ಅಲ್ಲಿ ಬಿಡಿಸಿ ಹೇಳಿದ್ದಾನೆ. ಅದೇ ವಾಕ್ಯ ಓದಿ ಅವರು ಮನುಷ್ಯರ ಕಡೆಗೇ ಬೆರಳು ಮಾಡಿದರು! ಪೌಲ ಅಲ್ಲಿ ಬಳಸಿದ ಗ್ರೀಕ್ ಪದಕ್ಕೆ ಕುಸ್ತಿ ಅಂತಲೇ ಅರ್ಥ. ಇನ್ನೊಂದು ಕಡೆ, ನಾನು ಗಾಳಿಗೆ ಗುದ್ದುವವನಲ್ಲ, ನನ್ನ ಮೈಯನ್ನೇ ಜಜ್ಜಿ ಅಂಕೆಯಲ್ಲಿ ಇಟ್ಟುಕೊಳ್ಳುತ್ತೇನೆ ಅನ್ನುತ್ತಾನೆ. ರೋಮಿನವರಿಗೆ ಬರೆದ ಪತ್ರದಲ್ಲಂತೂ ಪೂರ್ತಿ ಬಿಚ್ಚಿಡುತ್ತಾನೆ: ಮಾಡಬೇಕು ಅಂದುಕೊಂಡ ಒಳ್ಳೆಯದನ್ನು ಮಾಡುತ್ತಿಲ್ಲ, ಬೇಡ ಅಂದುಕೊಂಡ ಕೆಟ್ಟದ್ದನ್ನೇ ಮಾಡುತ್ತಿದ್ದೇನೆ. ಅಪೊಸ್ತಲನೇ ಹೀಗೆ ಒಪ್ಪಿಕೊಂಡ ಮೇಲೆ ನಮಗೆ ಇನ್ನೊಬ್ಬರ ಗುಂಬಜಿನ ಮೇಲೆ ಯುದ್ಧ ಮಾಡಲು ಪುರುಸೊತ್ತು ಎಲ್ಲಿಂದ ಬಂತು?

ಕುರಾನ್ ಈ ನಫ್ಸ್‌ನ ಮೂರು ಅವಸ್ಥೆ ಹೇಳುತ್ತೆ. ಕೆಟ್ಟದ್ದಕ್ಕೆ ಎಳೆಯುವ ನಫ್ಸ್ ಒಂದು, ತಪ್ಪು ಮಾಡಿದ ಮೇಲೆ ತನ್ನನ್ನೇ ಬೈದುಕೊಳ್ಳುವ ನಫ್ಸ್ ಒಂದು, ನೆಮ್ಮದಿ ಕಂಡ ನಫ್ಸ್ ಒಂದು. ಪೌಲನ ಆ ಸಾಲು ಓದಿದಾಗಲೆಲ್ಲಾ ನನಗೆ ಅನಿಸುವುದು, ಇದು ತನ್ನನ್ನೇ ಬೈದುಕೊಳ್ಳುವ ಎರಡನೇ ನಫ್ಸ್ ಮಾತೇ ಸೈ. ಎರಡೂ ಧರ್ಮ ಒಂದೇ ಅಂತ ನಾನು ಹೇಳುತ್ತಿಲ್ಲ, ಆ ಸುಲಭದ ಮಾತು ನನಗೆ ಬೇಡ. ಮನುಷ್ಯ ಹುಟ್ಟಿನಿಂದಲೇ ಪಾಪದ ಹಿಡಿತದಲ್ಲಿದ್ದಾನೆ, ತನ್ನ ಬಲದಿಂದ ಗೆಲ್ಲಲಾರ, ಕ್ರಿಸ್ತನ ಕೃಪೆಯೇ ಬಿಡಿಸಬೇಕು ಅಂತ ನಮ್ಮ ನಂಬಿಕೆ. ಹುಟ್ಟಿನಿಂದ ಬಂದ ಪಾಪ ಅನ್ನುವುದನ್ನು ಅವರು ಒಪ್ಪಲ್ಲ. ಮನುಷ್ಯ ಮರೆಯುತ್ತಾನೆ, ಎಡವುತ್ತಾನೆ, ತೌಬಾ ಮಾಡಿ, ಅಂದರೆ ಪಶ್ಚಾತ್ತಾಪಪಟ್ಟು, ಅಲ್ಲಾಹನ ಕಡೆ ತಿರುಗಬೇಕು ಅನ್ನುತ್ತಾರೆ. ವ್ಯತ್ಯಾಸ ದೊಡ್ಡದೇ. ಆದರೆ ಕುಸ್ತಿ ಕಣ ಎಲ್ಲಿದೆ ಅಂತ ಕೇಳಿದರೆ ಇಬ್ಬರೂ ತಮ್ಮ ಎದೆ ಮುಟ್ಟಿಕೊಳ್ಳುತ್ತಾರೆ.

ನಿನ್ನೆ ರಾತ್ರಿ ಇದನ್ನೇ ಹೇಳಿದರೆ ನನ್ನ ಅಕ್ಕನ ಮಗ ಜಗಳಕ್ಕೆ ಬಂದ. "ಚಿಗವ್ವಾ, ನೀ ಸುಮ್ನೆ ಚಂದ ಮಾಡಿ ಹೇಳ್ತಿ. ಜಿಹಾದ್ ಅಂದ್ರ ಯುದ್ಧ ಅಂತನೂ ಐತಿ. ದೊಡ್ಡ ಜಿಹಾದ್ ಒಳಗಿನದು ಅನ್ನೋ ಹದೀಸ್ ಗಟ್ಟಿ ಇಲ್ಲಂತ ಅವ್ರ ಪಂಡಿತರೇ ಅಂತಾರ." ಸರಿ, ಎರಡೂ ನಿಜ. ಯುದ್ಧದ ಅರ್ಥವೂ ಇದೆ, ಅದರ ಕಾನೂನಿನ ಪುಸ್ತಕಗಳೂ ಇವೆ. ಸಣ್ಣ ಜಿಹಾದಿನಿಂದ ದೊಡ್ಡ ಜಿಹಾದಿಗೆ ಬಂದೆವು ಅನ್ನುವ ಹದೀಸಿನ ಸಾಕ್ಷಿ ಸರಪಳಿ, ಅಂದರೆ ಯಾರಿಂದ ಯಾರು ಕೇಳಿದರು ಅನ್ನುವ ದಾಖಲೆ, ದುರ್ಬಲ ಅಂತ ಎಷ್ಟೋ ವಿದ್ವಾಂಸರು ಹೇಳಿದ್ದಾರೆ. ಆದರೆ ನಾನು ಮೇಲೆ ಹೇಳಿದ ತಿರ್ಮಿಜಿಯ ಮಾತು ಬೇರೆ, ಅದನ್ನು ತಿರ್ಮಿಜಿಯೇ ಸರಿಯಾದದ್ದು ಅಂದಿದ್ದಾರೆ. ಇನ್ನು ಯುದ್ಧದ ಲೆಕ್ಕ ತೆಗೆದರೆ ನಮ್ಮ ಕಡೆಯದೂ ತೆಗೆಯಬೇಕಾಗುತ್ತೆ, ಮರಿ.

1095ನೇ ಇಸವಿ. ಮಕ್ಕಳಿಗೆ ಪಾಠ ಮಾಡುವಾಗಲೆಲ್ಲಾ ಈ ವರ್ಷಕ್ಕೆ ಬಂದು ನಾನು ನಿಲ್ಲುತ್ತೇನೆ. ಆ ನವೆಂಬರಿನಲ್ಲಿ ಫ್ರಾನ್ಸಿನ ಕ್ಲೆರ್ಮಾಂಟ್‌ನಲ್ಲಿ ಪೋಪ್ ಎರಡನೇ ಅರ್ಬನ್ ಧರ್ಮಯುದ್ಧಕ್ಕೆ ಕರೆ ಕೊಟ್ಟರು. ಜನ ಬಟ್ಟೆಗೆ ಶಿಲುಬೆ ಹೊಲಿದುಕೊಂಡು ಹೊರಟರು. 1099ರ ಜುಲೈನಲ್ಲಿ ಯೆರೂಸಲೇಮ್ ಅವರ ಕೈಗೆ ಬಂದಾಗ ಅಲ್ಲಿ ಹರಿದ ರಕ್ತ ಮುಸಲ್ಮಾನರದು, ಯೆಹೂದಿಗಳದು. ಅದೇ 1095ರ ಕೊನೆಗೆ ಬಾಗ್ದಾದಿನಿಂದ ಇನ್ನೊಬ್ಬ ಮನುಷ್ಯ ಹೊರಟ. ಇಮಾಮ್ ಗಜಾಲಿ. ನಿಜಾಮಿಯಾ ಮದರಸಾದ ದೊಡ್ಡ ಗುರು, ಊರೆಲ್ಲಾ ಕೈ ಮುಗಿಯುವ ಹೆಸರು, ವಯಸ್ಸು ನಲವತ್ತೂ ಆಗಿರಲಿಲ್ಲ. ನಾನು ಪಾಠ ಹೇಳುತ್ತಿರುವುದು ದೇವರಿಗಾಗಿಯೋ ನನ್ನ ಹೆಸರಿಗಾಗಿಯೋ ಅನ್ನುವ ಪ್ರಶ್ನೆ ಅವರನ್ನು ಹಿಡಿದುಕೊಂಡಿತು. ಒಂದು ಕಾಲು ಮುಂದೆ, ಒಂದು ಕಾಲು ಹಿಂದೆ, ಸುಮಾರು ಆರು ತಿಂಗಳು ಒದ್ದಾಡಿದರು. ಕೊನೆಗೆ ಪಾಠ ಹೇಳಲು ಕೂತರೆ ನಾಲಗೆಯೇ ಹೊರಳಲಿಲ್ಲ, ಗಂಟಲಲ್ಲಿ ತುತ್ತು ಇಳಿಯಲಿಲ್ಲ, ವೈದ್ಯರು ಕೈ ಚೆಲ್ಲಿದರು. ಹಣ ಹಂಚಿ, ಕೆಲಸ ಬಿಟ್ಟು ದಮಾಸ್ಕಸ್ ದಾರಿ ಹಿಡಿದರು. ಸೈನ್ಯ ಮುಟ್ಟುವ ಮುಂಚೆ ಯೆರೂಸಲೇಮಿಗೂ ಹೋಗಿ ಏಕಾಂತದಲ್ಲಿ ಪ್ರಾರ್ಥನೆ ಮಾಡಿದರು.

ಒಂದೇ ವರ್ಷ, ಒಂದೇ ಊರಿನ ದಾರಿ. ಒಬ್ಬರು ಕತ್ತಿ ಹಿಡಿದು ಹೊರಟರು, ಇನ್ನೊಬ್ಬರು ತಮ್ಮನ್ನೇ ಗೆಲ್ಲಲು ಹೊರಟರು. ಕತ್ತಿ ಹಿಡಿದವರು ನನ್ನವರು. ಆದರೆ ಸಂತ ಅಗಸ್ಟಿನ್ ಕೂಡ ನನ್ನವರೇ. ದೇವರೇ ನನ್ನನ್ನು ಶುದ್ಧ ಮಾಡು, ಆದರೆ ಈಗಲೇ ಬೇಡ ಅಂತ ಹರೆಯದಲ್ಲಿ ಬೇಡಿಕೊಂಡಿದ್ದೆ ಅಂತ ಬರೆದುಕೊಂಡವರು ಅವರು. 386ರಲ್ಲಿ ಮಿಲಾನಿನ ಒಂದು ತೋಟದಲ್ಲಿ ತಲೆಗೂದಲು ಕಿತ್ತುಕೊಂಡು ಅತ್ತವರು. ಎರಡು ಕಡೆಯೂ ಎರಡು ಥರದವರು ಇದ್ದರು. ಅಕ್ಕನ ಮಗ ಸುಮ್ಮನಾದ. ಒಪ್ಪಿದನೋ ಇಲ್ಲವೋ ಗೊತ್ತಿಲ್ಲ, ಊಟಕ್ಕೆ ಎದ್ದ.

ನಮ್ಮ ಊರಿಗೆ ಇದನ್ನು ಹೊರಗಿನವರು ಬಂದು ಕಲಿಸಬೇಕಿಲ್ಲ. ಆದಿಲ್‌ಶಾಹಿ ಕಾಲದ ವಿಜಯಪುರದ ಸೂಫಿಗಳು ಹೆಂಗಸರು ಬೀಸುವಾಗ ಹಾಡಲಿ ಅಂತ ದಖನಿ ಉರ್ದುವಿನಲ್ಲಿ ಪದ ಕಟ್ಟಿದರು. ಚಕ್ಕಿನಾಮಾ ಅಂತ ಹೆಸರು. ಬೀಸುಕಲ್ಲಿನ ಗೂಟ ಅರಬ್ಬಿಯ ಮೊದಲ ಅಕ್ಷರ ಅಲಿಫ್ ಹಾಗೆ ನೆಟ್ಟಗೆ ನಿಂತಿದೆ, ಅದು ಅಲ್ಲಾಹ ಅಂತ, ನಮ್ಮ ಮೈಯೇ ಒಂದು ಬೀಸುಕಲ್ಲು ಅಂತ ಅದರಲ್ಲಿ ಬರುತ್ತೆ. ನಮ್ಮ ಅಜ್ಜಿಯೂ ಗುಳೇದಗುಡ್ಡದಲ್ಲಿ ಬೆಳಗಿನ ಜಾವ ಯೇಸುವಿನ ಹೆಸರು ಸೇರಿಸಿಕೊಂಡು ಬೀಸುವ ಪದ ಹಾಡುತ್ತಿದ್ದಳು. ಜೋಳ ಹಿಟ್ಟಾಗಬೇಕಾದರೆ ಕಲ್ಲು ತಿರುಗಿಸುವವಳ ರಟ್ಟೆ ನೋಯಲೇಬೇಕು. ಆ ಹೆಂಗಸರ ಎದುರು ನಿಂತು ಯಾವ ಪ್ರಸಂಗಿ ಯುದ್ಧದ ಮಾತಾಡುತ್ತಾನೆ ನೋಡೋಣ!

ಉಪವಾಸ ಯಾಕೆ ಅನ್ನುವ ಪ್ರಶ್ನೆಗೂ ಎರಡು ಕಡೆಯ ಉತ್ತರ ಒಂದೇ ಕಡೆ ಬಂದು ನಿಲ್ಲುತ್ತೆ. ಸುಳ್ಳು ಮಾತು, ಸುಳ್ಳು ನಡತೆ ಬಿಡದವನು ಅನ್ನ ನೀರು ಬಿಟ್ಟರೆ ಅಲ್ಲಾಹನಿಗೆ ಅದರ ಅಗತ್ಯ ಇಲ್ಲ ಅಂತ ಬುಖಾರಿಯಲ್ಲಿದೆ. ಬೈಬಲಿನ ಯೆಶಾಯನ ಗ್ರಂಥದ ಐವತ್ತೆಂಟನೇ ಅಧ್ಯಾಯದಲ್ಲಿ ದೇವರು ಕೇಳುತ್ತಾನೆ: ಜಗಳ ಆಡುತ್ತಾ, ಮುಷ್ಟಿಯಿಂದ ಗುದ್ದುತ್ತಾ ಉಪವಾಸ ಇದ್ದರೆ ನಾನು ಮೆಚ್ಚುವ ಉಪವಾಸ ಇದೇನಾ?

ಇಲ್ಲಿಗೆ ಬಂದು ನನ್ನ ಕೈ ನಿಂತಿತು. ಅರ್ಧ ತಾಸು ಏನೂ ಬರೆಯಲಿಲ್ಲ. ಹಳೇ ಗೆಳೆಯರಿಗೆ ಗೊತ್ತಿದೆ, ನನ್ನ ಅಣ್ಣನ ಜೊತೆ ನಾನು ಮಾತಾಡಿ ಆರು ವರ್ಷ ಆಯ್ತು. ಅಪ್ಪ ತೀರಿಕೊಂಡು ಮನೆ ಪಾಲಾಗುವಾಗ ಮಗ್ಗದ ಕೋಣೆಗಾಗಿ ಜಗಳ ಆಯ್ತು. ಅವನು ಒಂದು ಮಾತು ಅಂದ. ನಾನು ಮೂರು ಅಂದೆ, ಅದರಲ್ಲಿ ಒಂದು ಅತ್ತಿಗೆಗೆ ಮಕ್ಕಳಿಲ್ಲದ್ದರ ಮೇಲೆ. ಅದನ್ನು ಅಂದವಳು ನಾನು. ಆಮೇಲೆ ಆರು ಲೆಂಟ್ ಕಾಲ ಬಂದು ಹೋದವು. ಪ್ರತಿ ಸಲ ಮಾಂಸ ಬಿಟ್ಟಿದ್ದೇನೆ, ಚಹಾ ಬಿಟ್ಟಿದ್ದೇನೆ, ಸಿಟ್ಟು ಬಿಟ್ಟಿಲ್ಲ. ಕಾಣಿಕೆಯನ್ನು ಪೀಠದ ಮುಂದೆ ಬಿಟ್ಟು ಮೊದಲು ಹೋಗಿ ಸಹೋದರನ ಜೊತೆ ಒಂದಾಗು ಅಂತ ಯೇಸು ಹೇಳಿದ್ದನ್ನು ಸಂಡೇ ಸ್ಕೂಲಿನಲ್ಲಿ ಮಕ್ಕಳಿಂದ ಬಾಯಿಪಾಠ ಮಾಡಿಸಿದ್ದೇನೆ. ಇಪ್ಪತ್ತೆರಡರ ಹುಡುಗ ಹಸಿದ ಹೊಟ್ಟೆಯಲ್ಲಿ, ನಾಲ್ಕು ಜನರ ನಗುವಿನ ನಡುವೆ ಕೆಳಗಿಟ್ಟ ಕಲ್ಲನ್ನು ನಾನು ಆರು ವರ್ಷದಿಂದ ಕೈಯಲ್ಲಿ ಹಿಡಿದುಕೊಂಡು ತಿರುಗುತ್ತಿದ್ದೇನೆ.

ಇವತ್ತು ಸಂಜೆ ಮತ್ತೆ ಆ ಗಾಡಿ ಹತ್ತಿರ ಹೋಗಿದ್ದೆ. "ನಿನ್ನೆ ನಾ ಇಲ್ಲೇ ಇದ್ದೆ ತಮ್ಮಾ, ಸುಮ್ನ ನಿಂತೆ, ತಪ್ಪಾತು," ಅಂದೆ. ಅವನಿಗೆ ನಾಚಿಕೆ ಆಯ್ತು. "ಹೋಗ್ಲಿ ಬಿಡ್ರಿ ಟೀಚರ್, ನನಗೂ ಭಾಳ ಸಿಟ್ಟ ಬಂದಿತ್ತು," ಅಂದ. ಅಷ್ಟರಲ್ಲಿ ಮಸೀದಿಯಲ್ಲಿ ಬಾಂಗ್ ಆಯ್ತು. ಡಬ್ಬಿ ತೆಗೆದು ನನಗೂ ಒಂದು ಖರ್ಜೂರ ಕೊಟ್ಟು, ತಾನು ಒಂದು ಬಾಯಿಗೆ ಹಾಕಿಕೊಂಡ. ಬಾಟಲಿ ನೀರನ್ನು ಗಟಗಟ ಕುಡಿಯುತ್ತಾನೆ ಅಂದುಕೊಂಡಿದ್ದೆ. ಮೂರು ಗುಟುಕು ಕುಡಿದು ಮುಚ್ಚಿಟ್ಟ.

ಶನಿವಾರ ಅರ್ಧ ದಿನ ಶಾಲೆ. ಮುಗಿಸಿಕೊಂಡು ಬಾಗಲಕೋಟೆ ಬಸ್ ಹತ್ತುತ್ತೇನೆ, ಅಲ್ಲಿಂದ ಗುಳೇದಗುಡ್ಡ. ಅಣ್ಣನಿಗೆ ಫೋನ್ ಮಾಡಿಲ್ಲ, ಮಾಡಿದರೆ ಬರಬೇಡ ಅಂತಾನೆ. ಮೊದಲು ಅತ್ತಿಗೆಯ ಹತ್ತಿರ ಹೋಗಬೇಕು. ಏನು ಹೇಳಬೇಕು ಅಂತ ಇನ್ನೂ ಗೊತ್ತಾಗಿಲ್ಲ. ಎರಡು ಕಿಲೋ ದ್ರಾಕ್ಷಿ ಕಟ್ಟಿಸಿಡು ಅಂತ ಆ ಹುಡುಗನಿಗೆ ಹೇಳಿ ಬಂದಿದ್ದೇನೆ.