ರೆಸ್ಯೂಮೆ ಕೊಟ್ಟಾಯ್ತಲ್ಲ, ಮತ್ತೆ ಯಾಕೆ ಟೈಪ್ ಮಾಡಬೇಕು?

ನಮ್ಮ ಮನೆಯ ಹುಡುಗಿಯೊಬ್ಬಳು ಆನ್‌ಲೈನ್‌ನಲ್ಲಿ ಕೆಲಸಕ್ಕೆ ಅರ್ಜಿ ಹಾಕುವುದನ್ನು ಈಗಷ್ಟೇ ಪಕ್ಕದಲ್ಲಿ ಕೂತು ನೋಡಿದೆ. ತಲೆ ಕೆಟ್ಟುಹೋಗಿದೆ. ಪೋಸ್ಟ್ ಉದ್ದ ಇದೆ, ಸಹಿಸಿಕೊಳ್ಳಿ.

ಮೊದಲ ಪುಟದಲ್ಲಿ ರೆಸ್ಯೂಮೆ ಅಪ್‌ಲೋಡ್ ಮಾಡಿ ಅಂದರು. ಮಾಡಿದಳು. ಎರಡನೇ ಪುಟದಲ್ಲಿ ಖಾಲಿ ಡಬ್ಬಗಳ ಸಾಲು. ಎಲ್ಲಿ ಓದಿದಿರಿ, ಯಾವ ವರ್ಷ ಮುಗಿಸಿದಿರಿ, ಹಿಂದಿನ ಕೆಲಸ ಯಾವುದು, ಯಾವಾಗ ಸೇರಿದಿರಿ, ಯಾವಾಗ ಬಿಟ್ಟಿರಿ. ಅದೆಲ್ಲ ಈಗ ಕೊಟ್ಟ ಫೈಲಿನಲ್ಲೇ ಇದೆ ಅಲ್ವಾ? ಹಾಗಾದರೆ ಆ ಫೈಲ್ ಇಸಕೊಂಡಿದ್ದು ಯಾಕೆ, ಕಟ್ಟು ಹಾಕಿಸಿ ಗೋಡೆಗೆ ನೇತುಹಾಕುವುದಕ್ಕಾ?

ಸೇರಿದ ದಿನಾಂಕಕ್ಕೆ ಒಂದು ಕ್ಯಾಲೆಂಡರ್ ಬೇರೆ. ಅದು ಶುರುವಾಗುವುದು ಈ ತಿಂಗಳಿಂದ. ವರ್ಷಗಳ ಹಿಂದಕ್ಕೆ ಒಂದೊಂದೇ ತಿಂಗಳು ಒತ್ತಿಕೊಂಡು ಹೋಗಬೇಕು. ಇದನ್ನು ಬರೆದವರು ಒಂದು ಸಲವೂ ತುಂಬಿ ನೋಡಿಲ್ಲ. ಬೇಕಾದರೆ ಬರೆದುಕೊಡುತ್ತೇನೆ.

ಹೊಟ್ಟೆಪಾಡಿಗೆ ನಾನು ಮಾಡುವುದೂ ಇದೇ ಡಿಸೈನ್ ಕೆಲಸ ಅಂತ ನಿಮಗೆಲ್ಲ ಗೊತ್ತು. ಹಾಗಾಗಿ 'ಟೆಕ್ನಿಕಲ್ ಕಾರಣ ಇದೆ' ಅನ್ನುವ ಕಥೆ ನನ್ನ ಹತ್ತಿರ ನಡೆಯುವುದಿಲ್ಲ. ಕಾರಣ ಇರುವುದು ನಿಜ. ಪಿಡಿಎಫ್ ಮುಖ್ಯವಾಗಿ ಹಿಡಿದಿಡುವುದು ಯಾವ ಅಕ್ಷರ ಪುಟದ ಯಾವ ಜಾಗದಲ್ಲಿ ಕೂರಬೇಕು ಅನ್ನುವುದನ್ನು. ಯಾವುದನ್ನು ಮೊದಲು ಓದಬೇಕು ಅನ್ನುವುದು ಬಹಳ ಸಲ ಅದರಲ್ಲಿ ಇರುವುದೇ ಇಲ್ಲ. ಎರಡು ಕಾಲಂನ ಚಂದದ ರೆಸ್ಯೂಮೆ ಕೊಟ್ಟರೆ ಎಡಗಡೆಯ ಸಾಲಿಗೆ ಬಲಗಡೆಯದ್ದನ್ನು ಅಂಟಿಸಿ ಓದುವ ಸಾಫ್ಟ್‌ವೇರ್‌ಗಳಿವೆ. ಕಾಲೇಜಿನ ಹೆಸರು ಹೋಗಿ ಕಂಪನಿಯ ಡಬ್ಬದಲ್ಲಿ ಕೂರುತ್ತದೆ.

ಕೂರಲಿ ಬಿಡಿ. ಓದಲು ಸಿಕ್ಕಿದಷ್ಟನ್ನು ತುಂಬಿ ತೋರಿಸಿ, 'ನಮಗೆ ಹೀಗೆ ಕಂಡಿತು, ತಪ್ಪಿದ್ದರೆ ತಿದ್ದಿ' ಅನ್ನಿ. ಪಕ್ಕದಲ್ಲೇ ರೆಸ್ಯೂಮೆ ಕಾಣುತ್ತಿದ್ದರೆ ತಿದ್ದುವುದಕ್ಕೆ ಎಷ್ಟು ಹೊತ್ತು ಬೇಕು? ಹೆಸರು, ಫೋನು, ವಿಳಾಸ ಹೇಗೂ ಬ್ರೌಸರ್‌ಗೆ ಗೊತ್ತಿರುತ್ತದೆ. ಇದು ಹೆಸರಿನ ಡಬ್ಬ, ಇದು ಫೋನಿನದು ಅಂತ ಬ್ರೌಸರ್‌ಗೆ ಹೇಳುವ ಆಟೋಕಂಪ್ಲೀಟ್ ಗುರುತನ್ನು ಕೋಡ್‌ನಲ್ಲಿ ಸರಿಯಾಗಿ ಹಾಕಿದರೆ ಅದೇ ತುಂಬಿಕೊಡುತ್ತದೆ. ಇದೇನು ರಾಕೆಟ್ ಹಾರಿಸುವ ಕೆಲಸವಲ್ಲ.

ತಮಾಷೆ ಕೇಳಿ. ವೆಬ್‌ಸೈಟ್‌ಗಳು ಎಲ್ಲರಿಗೂ ಬಳಸಲು ಬರುವಂತೆ ಇರಬೇಕು ಅಂತ ವೆಬ್‌ನ ಮಾನದಂಡಗಳನ್ನು ರೂಪಿಸುವ ಡಬ್ಲ್ಯೂ3ಸಿ ಅನ್ನುವ ಸಂಸ್ಥೆ ಒಂದು ಮಾರ್ಗಸೂಚಿ ಮಾಡಿದೆ. ಹೆಸರು ಡಬ್ಲ್ಯೂಸಿಎಜಿ. ಅಕ್ಟೋಬರ್ 2023ರಲ್ಲಿ ಬಂದ 2.2 ಆವೃತ್ತಿಯಲ್ಲಿ 3.3.7 ಅಂತ ಒಂದು ನಿಯಮವಿದೆ. ಒಮ್ಮೆ ಕೊಟ್ಟ ಮಾಹಿತಿಯನ್ನು ಅದೇ ಕೆಲಸದ ನಡುವೆ ಮತ್ತೆ ಟೈಪ್ ಮಾಡಿಸಬೇಡಿ, ನೀವೇ ತುಂಬಿ ಇಲ್ಲವೇ ಆರಿಸಿಕೊಳ್ಳಲು ಕೊಡಿ ಅನ್ನುತ್ತದೆ. ಓದಿ ಕುಣಿದಾಡಿದ್ದೆ. ಆಮೇಲೆ ಅದರ ವಿವರಣೆ ಓದಿದೆ. ಮಾಹಿತಿ ಬೇರೆ ರೀತಿಯಲ್ಲಿ ಬಂದಿದ್ದರೆ ಈ ನಿಯಮ ಅನ್ವಯಿಸುವುದಿಲ್ಲವಂತೆ. ಅದಕ್ಕೆ ಕೊಟ್ಟ ಉದಾಹರಣೆ ಏನು ಗೊತ್ತಾ? ರೆಸ್ಯೂಮೆ ಅಪ್‌ಲೋಡ್! ಇಡೀ ಲೋಕದಲ್ಲಿ ಬೇರೆ ಉದಾಹರಣೆಯೇ ಸಿಗಲಿಲ್ಲ ಇವರಿಗೆ.

ಇನ್ನು 'ಫಾರ್ಮ್ ಕಷ್ಟ ಇದ್ದರೇನೇ ಒಳ್ಳೆಯದು, ನಿಜವಾಗಿ ಆಸಕ್ತಿ ಇರುವವರು ಮಾತ್ರ ಕೊನೆತನಕ ಬರುತ್ತಾರೆ' ಅನ್ನುವ ಜಾಣರಿದ್ದಾರೆ. ಒಂದೇ ಬಟನ್ ಒತ್ತಿ ಅರ್ಜಿ ಹಾಕುವ ಕಡೆ ರಾಶಿ ಬೀಳುತ್ತದೆ, ಒಪ್ಪಿದೆ. ಆದರೆ ಈ ಜರಡಿಯಲ್ಲಿ ಉಳಿಯುವವರು ಯಾರು? ಹೊತ್ತು ಜಾಸ್ತಿ ಇರುವವರು, ಲ್ಯಾಪ್‌ಟಾಪ್ ಇರುವವರು. ಹಗಲೆಲ್ಲ ದುಡಿದು ರಾತ್ರಿ ಫೋನಿನಲ್ಲಿ ಅರ್ಜಿ ತುಂಬುವವನು ಸೆಷನ್ ಮುಗಿದುಹೋಗಿ ಮೊದಲ ಪುಟಕ್ಕೆ ವಾಪಸ್ ಬಂದಾಗ ಬಿಟ್ಟು ಮಲಗುತ್ತಾನೆ. ಅವನಿಗೆ ಆಸಕ್ತಿ ಇಲ್ಲವಾ? ಜರಡಿ ಬೇಕಿದ್ದರೆ ಕೆಲಸಕ್ಕೆ ಸಂಬಂಧಪಟ್ಟ ಒಂದು ಒಳ್ಳೆಯ ಪ್ರಶ್ನೆ ಕೇಳಿ. ಓದಿದ ವರ್ಷ ಎರಡು ಸಲ ಬರೆಸಿದರೆ ಯಾರ ಯೋಗ್ಯತೆಯೂ ತಿಳಿಯುವುದಿಲ್ಲ.

ನಮ್ಮಿಂದ ಎಲ್ಲ ಎರಡೆರಡು ಸಲ ಬೇಕು. ತಾವು ಹೇಳಬೇಕಾದ ಸಂಬಳ ಮಾತ್ರ ಒಂದು ಸಲವೂ ಹೇಳುವುದಿಲ್ಲ. ನಮ್ಮ ನಿರೀಕ್ಷೆಯ ಡಬ್ಬಕ್ಕೆ ಕೆಂಪು ನಕ್ಷತ್ರ, ಬಿಡುವ ಹಾಗಿಲ್ಲ. ಅಮೆರಿಕದ ಕೊಲರಾಡೊದಲ್ಲಿ ಕೆಲಸದ ಜಾಹೀರಾತಿನಲ್ಲಿ ಸಂಬಳ ಹಾಕಲೇಬೇಕು ಅಂತ 2021ರಿಂದ ಕಾನೂನೇ ಇದೆ. ಕಾನೂನು ಬರುವವರೆಗೂ ಇವರು ಬಾಯಿ ಬಿಡುವುದಿಲ್ಲ, ಅಷ್ಟೇ.

ನಿಜವಾದ ಕಾರಣ ಬೇರೆ. ಈ ಸಾಫ್ಟ್‌ವೇರ್‌ಗೆ ದುಡ್ಡು ಕೊಡುವುದು ಕಂಪನಿ, ತುಂಬುವುದು ನಾವು. ಡೆಮೋದಲ್ಲಿ ತೋರಿಸುವುದು ಹೆಚ್‌ಆರ್ ನೋಡುವ ಡ್ಯಾಶ್‌ಬೋರ್ಡ್, ಫಿಲ್ಟರ್, ಬಣ್ಣದ ಚಾರ್ಟು. ಅವರ ಫಿಲ್ಟರ್ ಚೆನ್ನಾಗಿ ಓಡಬೇಕಾದರೆ ಡೇಟಾ ಡಬ್ಬಡಬ್ಬವಾಗಿ ಬೇಕು. ಅದನ್ನು ಬಿಡಿಸಿಕೊಡುವ ಗುಮಾಸ್ತರು ನಾವು. ಸಂಬಳ ಇಲ್ಲದ ಗುಮಾಸ್ತರು, ಕೆಲಸ ಸಿಗುವ ಮೊದಲೇ!

ನಿಮ್ಮ ಹತ್ತಿರ ಮುಚ್ಚುಮರೆ ಏನು, ನಾನು ಈಗಿನ ಕೆಲಸದಲ್ಲೇ ಇಷ್ಟು ದಿನ ಉಳಿದಿರುವುದಕ್ಕೆ ಅರ್ಧ ಕಾರಣ ನಿಷ್ಠೆಯಲ್ಲ, ಈ ಫಾರ್ಮುಗಳು. ನಮ್ಮ ಬಾಸ್ ಈ ಪೋಸ್ಟ್ ನೋಡದಿದ್ದರೆ ಒಳ್ಳೆಯದು.

ಹೆಚ್‌ಆರ್‌ನಲ್ಲಿರುವ ಗೆಳೆಯರು ಕೆಳಗೆ ಬೈಯಲು ಬರುತ್ತೀರಿ ಅಂತ ಗೊತ್ತು. ಬನ್ನಿ, ಬೇಡ ಅನ್ನುವುದಿಲ್ಲ. ಮೊದಲು ನಿಮ್ಮದೇ ಕಂಪನಿಯ ಅರ್ಜಿಯನ್ನು ಫೋನಿನಲ್ಲಿ ಕೊನೆಯ ಪುಟದವರೆಗೆ ತುಂಬಿ, ಆ ಸ್ಕ್ರೀನ್‌ಶಾಟ್ ಹಾಕಿ ಬೈಯಿರಿ.