ಹಕ್ಕಿ ನೋಡಲಿಕ್ಕೆ ಎಷ್ಟು ಮಂದಿ ಹೋಗಬೇಕು?

ಚಳಿಗಾಲ ಬಂತೆಂದರೆ ಬಾಗಲಕೋಟೆ, ವಿಜಯಪುರದ ಹಕ್ಕಿ ಮಂದಿಯ ನಡುವೆ ಒಂದು ವಾದ ಏಳುತ್ತದೆ: ಒಬ್ಬರೇ ಹೋಗೋದು ಚಲೋನೋ, ಗುಂಪಿನಾಗ ಹೋಗೋದು ಚಲೋನೋ? ಇದು ಅವರವರ ಸ್ವಭಾವಕ್ಕೆ ಬಿಟ್ಟದ್ದು ಅಂತ ಹೇಳಿ ಬಹಳ ಮಂದಿ ಕೈ ತೊಳೆದುಕೊಳ್ಳುತ್ತಾರೆ. ನಾನು ಒಪ್ಪುವುದಿಲ್ಲ. ಅದನ್ನು ನೆಲ ತೀರ್ಮಾನಿಸಬೇಕು. ಎರಿ (ಕಪ್ಪು ಮಣ್ಣಿನ) ಹೊಲಕ್ಕೆ ಒಬ್ಬರು, ಹಿನ್ನೀರಿಗೆ ಮೂವರು, ಭೀಮಗಡದ ಕಾಡಿಗೆ ನಾಲ್ವರು. ಇಪ್ಪತ್ತು ಮಂದಿ ಹೋದರೆ ಅದು ಜಾತ್ರೆ, ಬುತ್ತಿ ಕಟ್ಟಿಕೊಂಡು ಆರಾಮ ಹೋಗಿ ಬನ್ನಿ, ಕಂಡ ಹಕ್ಕಿಗಳ ಪಟ್ಟಿ ಮಾತ್ರ ಬರೆಯಬೇಡಿ.

ಮೊದಲು ಹೊಲ. ಹಿಂಗಾರಿ ಜೋಳ, ಕಡಲೆ ಇರುವ ಬಯಲಿನಲ್ಲಿ ನೆಲಗುಬ್ಬಿಗಳು ಮಣ್ಣಿನ ಬಣ್ಣದಲ್ಲೇ ಕರಗಿರುತ್ತವೆ. ನಡೆದರೆ ಬೆನ್ನು ತೋರಿಸಿ ಹಾರಿಹೋಗುತ್ತವೆ. ಬದುವಿನ ಮೇಲೆ, ಸೂರ್ಯ ಬೆನ್ನಿಗೆ ಬರುವಂತೆ, ಇಪ್ಪತ್ತು ನಿಮಿಷ ಅಲುಗದೆ ಕೂತರೆ ಅವೇ ಹತ್ತು ಹೆಜ್ಜೆ ದೂರಕ್ಕೆ ಬರುತ್ತವೆ. ಆಗ ಪುಸ್ತಕ ತೆಗೆಯಬೇಡಿ. ಎದೆಯ ಮೇಲೆ ಗೀರು ಇದೆಯೋ ಇಲ್ಲವೋ, ಬಾಲದ ಅಂಚಿನ ಗರಿ ಬಿಳಿಯೋ ಕಂದೋ, ಹಾರುವಾಗ ಏನು ಕೂಗಿತು, ಈ ಮೂರನ್ನು ಮೊದಲು ಬರೆದುಕೊಳ್ಳಿ. ಪುಸ್ತಕದ ಚಿತ್ರ ಒಮ್ಮೆ ಕಣ್ಣಿಗೆ ಬಿತ್ತೆಂದರೆ, ಹಕ್ಕಿಯ ಮೇಲೆ ಇಲ್ಲದ ಗೀರೂ ಕಾಣತೊಡಗುತ್ತದೆ.

ಗುಂಪಿನಲ್ಲಿ ಈ ಕಲಿಕೆ ಆಗುವುದಿಲ್ಲ. ಹಿರಿಯರೊಬ್ಬರು ಇದ್ದೇ ಇರುತ್ತಾರೆ. ಹೊಸಬರು ಬೈನಾಕ್ಯುಲರ್ ಎತ್ತುವಷ್ಟರಲ್ಲಿ ಹೆಸರು ಹೇಳಿಬಿಡುತ್ತಾರೆ. ಹೊಸಬರಿಗೆ ಹೆಸರು ಸಿಕ್ಕಿತು, ಹಕ್ಕಿ ಸಿಗಲಿಲ್ಲ. ಅಣ್ಣಾರ, ಅರ್ಧ ನಿಮಿಷ ಬಾಯಿ ಮುಚ್ಚಿಕೊಂಡಿರ್ರಿ, ಅಷ್ಟೇ ಸಾಕು.

ಒಬ್ಬರೇ ಹೋಗುವವರಿಗೂ ಒಂದು ರೋಗವಿದೆ: ಎದುರಾಡುವವರು ಇಲ್ಲದ್ದರಿಂದ ಬೇಕಾದ ಹಕ್ಕಿಯೇ ಕಾಣುತ್ತದೆ. ಹ್ಯಾರಿಯರ್ ಗಿಡುಗದ ಹೆಣ್ಣು ಕಂಡರೆ ಸಾಕು, ಪ್ಯಾಲಿಡ್ ಜಾತಿಯದು ಅಂತ ಬರೆದು ಮುಗಿಸುತ್ತಾರೆ. ಮೊಂಟಾಗು ಅನ್ನುವ ಇನ್ನೊಂದು ಜಾತಿಯ ಹೆಣ್ಣೂ ಹೆಚ್ಚುಕಡಿಮೆ ಹಾಗೇ ಇರುತ್ತದೆ. ಪ್ಯಾಲಿಡ್‌ಗೆ ಕೆನ್ನೆಯ ಕಪ್ಪು ಮಚ್ಚೆಯ ಹಿಂದೆ, ಕೊರಳ ಸುತ್ತ, ತಿಳಿ ಬಣ್ಣದ ಪಟ್ಟಿ ಎದ್ದು ಕಾಣಬೇಕು. ಅದು ಕಾಣದಿದ್ದರೆ, ಕಂಡ ಹಕ್ಕಿಗಳನ್ನು ದಾಖಲಿಸುವ ಜಾಲತಾಣ ಇ-ಬರ್ಡ್‌ನಲ್ಲಿ ಎರಡೂ ಹೆಸರು ಕೂಡಿಸಿದ ಆಯ್ಕೆ ಇದೆ, ಅದನ್ನೇ ಒತ್ತಿ. ಅದರಲ್ಲಿ ಅವಮಾನವೇನಿಲ್ಲ.

ಇನ್ನು ಹಿನ್ನೀರು. ಆಲಮಟ್ಟಿ ಜಲಾಶಯ ತುಂಬಿದಾಗ ಸಮುದ್ರಮಟ್ಟದಿಂದ 519.60 ಮೀಟರ್ ಇರುವ ನೀರಿನ ಮಟ್ಟ ಕಾಲುವೆಗೆ ನೀರು ಬಿಟ್ಟ ಹಾಗೆ ಇಳಿಯುತ್ತದೆ. ನೆಲ ಚಪ್ಪಟೆ ಇರುವುದರಿಂದ ಮಟ್ಟ ಸ್ವಲ್ಪ ಇಳಿದರೂ ದಂಡೆ ಬಹಳ ದೂರ ಸರಿಯುತ್ತದೆ. ಹಾಗೆ ತೆರೆದ ಕೆಸರಿಗೇ ಉಲ್ಲಂಕಿಗಳು, ರಾಜಹಂಸಗಳು ಬರುವುದು. ಆ ಕೆಸರು ಮೇಲೆ ಒಣಗಿ ಬಿರುಕು ಬಿಟ್ಟಿರುತ್ತದೆ, ಒಳಗೆ ಹಸಿ. ಕೋಲು ಊರಿದಾಗ ಒಂದು ಗೇಣು ಸಲೀಸಾಗಿ ಇಳಿದರೆ ಅಲ್ಲಿಂದಲೇ ಹಿಂದಕ್ಕೆ ತಿರುಗಿ. ಮೊಣಕಾಲಿನವರೆಗೆ ಹೂತ ಮನುಷ್ಯ ಒಬ್ಬನೇ ಮೇಲೆ ಬರುವುದು ಕಷ್ಟ. ಇಲ್ಲಿಗೆ ಒಂಟಿಯಾಗಿ ಹೋಗಬಾರದು ಅನ್ನುವುದಕ್ಕೆ ಇದು ಮೊದಲ ಕಾರಣ.

ಎರಡನೆಯದು ಎಣಿಕೆ. ಒಬ್ಬರ ಕಣ್ಣು ಟೆಲಿಸ್ಕೋಪಿಗೆ, ಒಬ್ಬರ ಕೈ ನೋಟ್‌ಬುಕ್ಕಿಗೆ. ಮೂರನೆಯವರು ಬೈನಾಕ್ಯುಲರ್ ಹಿಡಿದು ಇಡೀ ಹಿಂಡನ್ನು ಕಾಯಬೇಕು, ಎಡಗಡೆಯ ನೂರು ಹಕ್ಕಿ ಎದ್ದು ಬಲಗಡೆ ಇಳಿದರೆ ಕೂಡಲೇ ಹೇಳಬೇಕು. ಇಲ್ಲವಾದರೆ ಅವೇ ನೂರು ಎರಡು ಸಲ ಲೆಕ್ಕಕ್ಕೆ ಬೀಳುತ್ತವೆ. ಪಟ್ಟೆತಲೆ ಹೆಬ್ಬಾತಿನ ಹಿಂಡಾದರೆ ಮೊದಲು ಐವತ್ತನ್ನು ಒಂದೊಂದಾಗಿ ಎಣಿಸಿ, ಆ ಐವತ್ತು ಎಷ್ಟು ಅಗಲ ಹರಡಿವೆ ಎಂದು ಕಣ್ಣಿಗೆ ಕೂರಿಸಿಕೊಂಡು, ಅದೇ ಅಳತೆಯಲ್ಲಿ ಉಳಿದದ್ದನ್ನು ಅಳೆಯುತ್ತ ಹೋಗಿ. ಹಿಂಡಿನ ನಡುವೆ ದಟ್ಟ, ಅಂಚಿನಲ್ಲಿ ತೆಳು. ಅಂಚಿನ ಅಳತೆ ಹಿಡಿದರೆ ಲೆಕ್ಕ ಕಡಿಮೆಯಾಗುತ್ತದೆ. ರಾಜಹಂಸದ ತಲೆ ನೀರೊಳಗೆ ಇರುತ್ತದೆ, ಆದ್ದರಿಂದ ಮೈ ಎಣಿಸಿ.

ಆಮೇಲೆ ಇಬ್ಬರು ಬೇರೆ ಬೇರೆ ಎಣಿಸಬೇಕು, ಬಾಯಿಬಿಡುವ ಮೊದಲೇ ಬರೆಯಬೇಕು. ಒಬ್ಬರು "ಐನೂರು ಅದಾವು" ಅಂದರೆ ಮುಗಿಯಿತು, ಉಳಿದವರೆಲ್ಲ ನಾನೂರ ಎಂಬತ್ತು, ಐನೂರ ಇಪ್ಪತ್ತು ಅಂತ ಅದರ ಸುತ್ತಲೇ ಸುತ್ತುತ್ತಾರೆ.

ಟ್ರೈಪಾಡಿನ ಕಾಲು ಕೆಸರಿನಲ್ಲಿ ನಿಧಾನ ಇಳಿಯುತ್ತದೆ, ಎಣಿಸುತ್ತಿರುವಾಗಲೇ ನೋಟ ಜಾರುತ್ತದೆ. ಪ್ರತಿ ಕಾಲಿನಡಿ ಅಂಗೈಯಗಲದ ಹಲಗೆ ತುಂಡು ಇಡಿ. ಬಿಸಿಲು ಏರಿ ಗಾಳಿ ಕುದಿಯತೊಡಗಿದರೆ ಟೆಲಿಸ್ಕೋಪಿನಲ್ಲಿ 60 ಪಟ್ಟು ದೊಡ್ಡದು ಮಾಡಿ ಉಪಯೋಗವಿಲ್ಲ, 20ಕ್ಕೆ ಇಳಿಸಿ.

ಹತ್ತಿರ ಹೋಗುವ ಕ್ರಮವೂ ಹೇಳಬೇಕು. ಕುರಿ ಕಾಯುವ ಕಾಕಾ ಹಿಂಡಿನ ಸಮೇತ ಪಕ್ಕದಲ್ಲೇ ಹಾದುಹೋದರೂ ಹೆಬ್ಬಾತು ಮೇಯುತ್ತಲೇ ಇರುತ್ತವೆ, ಯಾಕೆಂದರೆ ಅವರು ಹಾದುಹೋಗುತ್ತಾರೆ. ನಾವು ನೇರ ಅವುಗಳ ಮೇಲೆಯೇ ಹೋಗುತ್ತೇವೆ. ಓರೆಯಾಗಿ, ಒಬ್ಬರ ಹಿಂದೆ ಒಬ್ಬರು ನಡೆಯಿರಿ. ಸಾಲಾಗಿ ಹರಡಿ ಹೋದರೆ ಬೇಟೆಯವರಂತೆ ಕಾಣುತ್ತೀರಿ. ಮೇಯುವುದು ಬಿಟ್ಟು ಕತ್ತುಗಳು ಮೇಲೆದ್ದವೋ, ನಿಲ್ಲಿ. ಎಲ್ಲವೂ ಒಂದೇ ದಿಕ್ಕಿಗೆ ನಡೆಯತೊಡಗಿದವೋ, ಹಿಂದೆ ಸರಿಯಿರಿ. ಇಂಥ ಹೊತ್ತಿನಲ್ಲಿ ಕ್ಯಾಮೆರಾದ ಒಬ್ಬ ಹತ್ತು ಹೆಜ್ಜೆ ಮುಂದೆ ಓಡಿದರೆ ಎಲ್ಲರ ಬೆಳಗೂ ಹಾಳು.

ಖಾನಾಪುರ ತಾಲ್ಲೂಕಿನ ಭೀಮಗಡದಲ್ಲಿ ಲೆಕ್ಕ ಬೇರೆ. ಅರಣ್ಯ ಇಲಾಖೆಯ ಅನುಮತಿ ಬೇಕು, ಕರಡಿ, ಕಾಡುಕೋಣ ಇರುವ ಕಾಡಿನಲ್ಲಿ ಒಂಟಿ ತಿರುಗಾಟವೂ ಬೇಡ. ಅಲ್ಲಿ ಹಲವು ಜಾತಿಯ ಹಕ್ಕಿಗಳು ಕೂಡಿ ಮೇಯುತ್ತ ಬರುತ್ತವೆ, ಮೂರು ನಾಲ್ಕು ನಿಮಿಷದಲ್ಲಿ ದಾಟಿಹೋಗುತ್ತವೆ. ನಾಲ್ವರಿದ್ದರೆ ಒಬ್ಬರು ನೆಲದ ಪೊದೆ, ಇಬ್ಬರು ನಡುವಿನ ಕೊಂಬೆ, ಒಬ್ಬರು ಮರದ ತುದಿ ಅಂತ ಹಂಚಿಕೊಳ್ಳಬಹುದು. "ಅಲ್ಲಿ ನೋಡ್ರಿ, ಆ ಗಿಡದಾಗ" ಅಂದರೆ ಯಾರಿಗೂ ಕಾಣುವುದಿಲ್ಲ. "ಬೆಳ್ಳನೆ ಕಾಂಡ, ಗಡಿಯಾರದ ಎರಡು ಗಂಟೆಯ ದಿಕ್ಕು, ಎರಡನೇ ಕವಲು" ಅನ್ನಿ.

ಬದಾಮಿಯಂಥ ಬಂಡೆ ಸಾಲಿನಲ್ಲಿ ಕೊಂಬಿನ ಗೂಬೆಯ ಗೂಡು ಕಂಡರೆ ಮಾತ್ರ ಯಾರನ್ನೂ ಕರೆಯಬೇಡಿ, ವಾಟ್ಸಾಪ್‌ಗೂ ಹಾಕಬೇಡಿ. ಅದು ಕಡ್ಡಿಯ ಗೂಡು ಕಟ್ಟುವುದಿಲ್ಲ, ಬರೀ ಕಲ್ಲಿನ ಮೇಲೆ ಮೊಟ್ಟೆ ಇಡುತ್ತದೆ. ತಾಯಿ ಎದ್ದರೆ ಕಾಗೆಗೂ ಬಿಸಿಲಿಗೂ ಮೊಟ್ಟೆ ಬಯಲು.

ಗುಂಪಿನಲ್ಲಿ ಹೋದ ದಿನ ಇ-ಬರ್ಡ್ ಪಟ್ಟಿಯನ್ನು ಒಬ್ಬರೇ ಇಡಲಿ, ನೋಡಿದವರ ಸಂಖ್ಯೆಯ ಜಾಗದಲ್ಲಿ ಸರಿಯಾದ ಅಂಕಿ ಹಾಕಿ ಉಳಿದವರಿಗೆ ಹಂಚಲಿ. ನಾಲ್ವರೂ ಬೇರೆ ಬೇರೆ ಪಟ್ಟಿ ಹಾಕಿದರೆ ಅದೇ ಐನೂರು ಹೆಬ್ಬಾತು ನಾಲ್ಕು ಸಲ ದಾಖಲಾಗುತ್ತವೆ.